ಏಳು ಪಟ್ಟೆ, ಐದು ಸ್ವಿಚ್ಚು: ಹಣ್ಣುನೊಣದ ಭ್ರೂಣ ತನ್ನ ಮೈಯನ್ನು ಖಂಡಗಳಾಗಿ ಹಂಚುವ ಬಗೆ

ಉಪನ್ಯಾಸದಲ್ಲಿ ಪರದೆಯ ಮೇಲೆ ತೋರಿಸಿದ ಮೊದಲ ಚಿತ್ರವನ್ನು ಇಲ್ಲಿ ಮಾತಿನಲ್ಲೇ ಕಟ್ಟಿಕೊಡಬೇಕು. ಹಿನ್ನೆಲೆ ಕಪ್ಪು. ಅದರ ಮೇಲೆ ಅಂಗಾತ ಮಲಗಿದ ಒಂದು ಮರಿಹುಳು, ಆಕಾರದಲ್ಲಿ ಅಕ್ಕಿಕಾಳು, ಉದ್ದ ಒಂದು ಮಿಲಿಮೀಟರಿಗೂ ಕಡಿಮೆ. ಒಳಗಿನದೆಲ್ಲ ಕರಗಿಹೋಗಿದೆ, ಉಳಿದಿರುವುದು ಚರ್ಮದ ಹೊರಪೊರೆ ಮಾತ್ರ. ಆ ಪೊರೆಯ ಮೇಲೆ ಅಡ್ಡಡ್ಡ ಬಿಳಿ ಪಟ್ಟಿಗಳು. ಎಣಿಸಿದರೆ ಹನ್ನೊಂದು: ಎದೆಯ ಮೇಲೆ ತೆಳುವಾದ ಮೂರು, ಹೊಟ್ಟೆಯ ಮೇಲೆ ದಟ್ಟವಾದ ಎಂಟು. ಹೊಟ್ಟೆಯ ಒಂದು ಪಟ್ಟಿಯನ್ನು ಹತ್ತಿರದಿಂದ ನೋಡಿದರೆ ಅದು ಪಟ್ಟಿಯಲ್ಲ, ಪುಟ್ಟ ಮುಳ್ಳುಗಳ ಆರು ಸಾಲು. 1 ಮತ್ತು 4ನೇ ಸಾಲಿನ ಮುಳ್ಳುಗಳು ತಲೆಯ ಕಡೆ ಬಾಗಿವೆ. 2, 3, 5, 6 ಬಾಲದ ಕಡೆ. 5ನೇ ಸಾಲಿನವು ಎದ್ದು ಕಾಣುವಷ್ಟು ದಪ್ಪ. ಹುಳು ತೆವಳುವಾಗ ನೆಲ ಹಿಡಿಯಲು ಇವು ಬೇಕು. ಒಂದು ಪಟ್ಟಿಗೂ ಮುಂದಿನದಕ್ಕೂ ನಡುವೆ ನುಣುಪು ಚರ್ಮ.

ಇವತ್ತಿನ ಮಾತಿಗೆಲ್ಲ ಈ ಮುಳ್ಳುಸಾಲೇ ಆಧಾರ. ಒಂದು ಪಟ್ಟಿ ಕಾಣೆಯಾದರೆ, ಎರಡು ಅಂಟಿಕೊಂಡರೆ, ನುಣುಪಾಗಿರಬೇಕಾದ ಕಡೆ ಮುಳ್ಳು ಹುಟ್ಟಿದರೆ ಯಾವುದೋ ಜೀನ್ ಕೆಟ್ಟಿದೆ ಎಂದು ಲೆಕ್ಕ. ಯಾವ ರೀತಿ ಕೆಟ್ಟಿದೆ ಎಂಬುದರಿಂದಲೇ ಆ ಜೀನಿನ ಕೆಲಸ ಏನಿತ್ತೆಂದು ಊಹಿಸಬಹುದು. ಕಬ್ಬಿನ ಜಲ್ಲೆಯಲ್ಲಿ ಗೆಣ್ಣು ಎಣಿಸಿದಷ್ಟೇ ಸಲೀಸು. ಆದರೆ ಕಬ್ಬಿನ ಹೋಲಿಕೆ ಇಲ್ಲಿಗೇ ನಿಲ್ಲಬೇಕು. ಕಬ್ಬು ತುದಿಯಲ್ಲಿ ಒಂದೊಂದೇ ಗೆಣ್ಣು ಕೂಡಿಸುತ್ತ ಬೆಳೆಯುತ್ತದೆ. ಹಣ್ಣುನೊಣದ ಭ್ರೂಣಕ್ಕೆ ಮೊದಲು ಇಡೀ ಮೈ ಸಿಗುತ್ತದೆ, ಆಮೇಲೆ ಅಳೆದು ಹಂಚಿಕೆ, ಅದೂ ಹೆಚ್ಚುಕಡಿಮೆ ಏಕಕಾಲಕ್ಕೆ. ಸರ್ವೆಯವರು ಬಂದು ಜಮೀನು ಪೋಡಿ ಮಾಡಿಕೊಟ್ಟ ಹಾಗೆ.

ಸ್ಲೈಡು

ಈ ಪೊರೆಯ ಸ್ಲೈಡು ಮಾಡುವುದು ಕಾಲೇಜು ಪ್ರಯೋಗಾಲಯದಲ್ಲೂ ಆಗುವ ಕೆಲಸ. ಹಾಳಾಗುವ ದಾರಿಗಳು ಮಾತ್ರ ಬಹಳ.

ನೊಣ ಸಾಕುವ ಊಟದಿಂದಲೇ ಶುರು ಮಾಡೋಣ. ಡ್ರೊಸೊಫಿಲಾ, ಅಂದರೆ ಹಣ್ಣುನೊಣದ, ಸಂಶೋಧನೆಗೆ ಹಳೆಯ ಹೆಸರಿರುವ ಮೈಸೂರು ವಿಶ್ವವಿದ್ಯಾಲಯದ ಪ್ರಬಂಧಗಳಲ್ಲಿ ಸಿಗುವ ಅಳತೆ ಹೆಚ್ಚುಕಡಿಮೆ ಇದು: ಒಂದು ಲೀಟರ್ ನೀರಿಗೆ 100 ಗ್ರಾಂ ರವೆ, 100 ಗ್ರಾಂ ಬೆಲ್ಲ, 8ರಿಂದ 10 ಗ್ರಾಂ ಅಗರ್, ಬೂಸ್ಟು ಹಿಡಿಯದಂತೆ 7.5 ಮಿ.ಲೀ. ಪ್ರೊಪಿಯೋನಿಕ್ ಆಮ್ಲ. ತುಪ್ಪ, ದ್ರಾಕ್ಷಿ ಕಾಣದ ಸಜ್ಜಿಗೆ ಅನ್ನಿ. ಆಮ್ಲವನ್ನು ಒಲೆಯಿಂದ ಇಳಿಸಿ, ತುಸು ಆರಿದ ಮೇಲೆ ಹಾಕಬೇಕು. ಕುದಿಯುವಾಗಲೇ ಸುರಿದರೆ ಆವಿಯಾಗಿ ಹೋಗುತ್ತದೆ, ವಾರದೊಳಗೆ ಬಾಟಲಿ ಬೂಸ್ಟು.

ಮೊಟ್ಟೆ ಇಡಿಸಲು ಬೇರೆ ತಟ್ಟೆ: ಸೇಬು ಅಥವಾ ದ್ರಾಕ್ಷಿ ರಸದ ಅಗರ್, ನಡುವೆ ಚೂರು ಯೀಸ್ಟ್ ಪೇಸ್ಟ್. ಮೊದಲ ಒಂದು ಗಂಟೆಯ ಮೊಟ್ಟೆಗಳನ್ನು ಎಸೆದುಬಿಡಿ. ಜಾಗ ಹಿಡಿಸದಿದ್ದರೆ ಹೆಣ್ಣು ನೊಣ ಫಲಿತ ಮೊಟ್ಟೆಯನ್ನು ಒಳಗೇ ತಡೆದುಕೊಂಡಿರುತ್ತದೆ. ಅಂಥ ಮೊಟ್ಟೆ ಹೊರಬರುವಾಗಲೇ ಗಂಟೆಗಟ್ಟಲೆ ಹಳತಾಗಿರುವುದರಿಂದ ವಯಸ್ಸಿನ ಲೆಕ್ಕವೆಲ್ಲ ತಪ್ಪುತ್ತದೆ. ನಂತರದ ಮೊಟ್ಟೆಗಳನ್ನು 25 ಡಿಗ್ರಿಯಲ್ಲಿ 30 ಗಂಟೆಯಾದರೂ ಬಿಡಿ. ಆರೋಗ್ಯವಂತ ಮರಿಗಳು 24 ಗಂಟೆಯೊಳಗೆ ಹೊರಬಂದು ಯೀಸ್ಟಿನ ಕಡೆ ಹರಿದಿರುತ್ತವೆ. ಒಡೆಯದೆ ಉಳಿದವೇ ನಮಗೆ ಬೇಕಾದ್ದು. ಉಳಿದದ್ದರಲ್ಲೂ ಬಣ್ಣ ನೋಡಿ: ಬೆಳ್ಳಗೇ ಉಳಿದದ್ದು ಬಹುಮಟ್ಟಿಗೆ ಫಲಿಸದ ಮೊಟ್ಟೆ, ಕಂದು ತಿರುಗಿದ್ದು ಬೆಳೆದು ಸತ್ತ ಭ್ರೂಣ. ಬಿಳಿಯವನ್ನೂ ಕೂಡಿಸಿ ಎಣಿಸಿದರೆ ಸತ್ತವು ನಾಲ್ಕರಲ್ಲೊಂದು ಬರಬೇಕಾದ ಲೆಕ್ಕ (ಏಕೆಂದು ಮುಂದೆ ಬರುತ್ತದೆ) ಮೂರರಲ್ಲೊಂದಾಗಿ ಕೂರುತ್ತದೆ.

ಹೊರಚಿಪ್ಪು ತೆಗೆಯಲು ಮನೆಬಳಕೆಯ ಬ್ಲೀಚನ್ನು ಅರ್ಧಕ್ಕರ್ಧ ನೀರು ಸೇರಿಸಿ ಎರಡು ನಿಮಿಷ. ಮೊಟ್ಟೆಯ ಬೆನ್ನ ಮೇಲಿರುವ ಎರಡು ಕಡ್ಡಿಯಂಥ ಚಾಚುಗಳು ಮಾಯವಾದರೆ ಚಿಪ್ಪು ಹೋಯಿತೆಂದು ಗುರುತು. ತಕ್ಷಣ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಒಳಪೊರೆಗೆ ಹೆಪ್ಟೇನ್ ಮತ್ತು ಮೆಥನಾಲ್ ಸಮಸಮ, ಅರ್ಧ ನಿಮಿಷ ಜೋರಾಗಿ ಕುಲುಕಿ. ಪೊರೆ ಕಳಚಿದ್ದು ತಳಕ್ಕೆ ಬೀಳುತ್ತದೆ, ಕಳಚದ್ದು ಎರಡು ದ್ರವಗಳ ಗಡಿಯಲ್ಲೇ ತೇಲುತ್ತದೆ. ತಳದ್ದನ್ನು ಮಾತ್ರ ಎತ್ತಿಕೊಳ್ಳಿ. ಸ್ಲೈಡಿನಲ್ಲಿ ಕೂರಿಸಲು ಬಳಸುವ ಹೋಯರ್ ದ್ರವಕ್ಕೆ ಅಷ್ಟೇ ಲ್ಯಾಕ್ಟಿಕ್ ಆಮ್ಲ ಸೇರಿಸಿ, ಗಾಜು ಮುಚ್ಚಿ, 60 ಡಿಗ್ರಿಯಲ್ಲಿ ರಾತ್ರಿಯಿಡೀ ಬಿಟ್ಟರೆ ಮಾಂಸ ಕರಗಿ ಪೊರೆ ಉಳಿಯುತ್ತದೆ. ದ್ರವ ಹೆಚ್ಚಾದರೆ ಭ್ರೂಣ ಉರುಳಿ ಪಕ್ಕಕ್ಕೆ ಮಲಗುತ್ತದೆ, ಹೊಟ್ಟೆ ಕಾಣುವುದಿಲ್ಲ. ಬೇಗ ತೆಗೆದರೆ ಒಳಗೆ ಮೋಡ ಕವಿದಂತೆ. ನೋಡುವುದು ಡಾರ್ಕ್-ಫೀಲ್ಡ್ ಬೆಳಕಿನಲ್ಲಿ, ಅಂದರೆ ಬೆಳಕನ್ನು ಓರೆಯಾಗಿ ಬಿಟ್ಟು. ಅದಕ್ಕೇ ಚಿತ್ರದ ಹಿನ್ನೆಲೆ ಕಪ್ಪು.

ಹೈಡೆಲ್‌ಬರ್ಗಿನ ಜರಡಿ

ಇಂಥ ಪೊರೆಗಳನ್ನು ಸಾವಿರಗಟ್ಟಲೆ ನೋಡಿದವರು ಕ್ರಿಸ್ಟಿಯಾನೆ ನ್ಯೂಸ್ಲೈನ್-ಫೋಲ್ಹಾರ್ಡ್ ಮತ್ತು ಎರಿಕ್ ವೀಶಾಸ್. ಜರ್ಮನಿಯ ಹೈಡೆಲ್‌ಬರ್ಗಿನಲ್ಲಿರುವ ಯುರೋಪಿಯನ್ ಅಣುಜೀವಶಾಸ್ತ್ರ ಪ್ರಯೋಗಾಲಯದಲ್ಲಿ, 1978ರಿಂದ. ಗಂಡು ನೊಣಗಳಿಗೆ ಸಕ್ಕರೆ ನೀರಿನಲ್ಲಿ ಇಎಂಎಸ್ ಎಂಬ ರಾಸಾಯನಿಕ ಕುಡಿಸಿ ಜೀನುಗಳಲ್ಲಿ ಅಲ್ಲಲ್ಲಿ ಡಿಎನ್‌ಎ ಅಕ್ಷರ ಕೆಡಿಸುವುದು. ಒಂದೊಂದು ಕೆಟ್ಟ ಕ್ರೋಮೋಸೋಮನ್ನೂ ಪ್ರತ್ಯೇಕ ತಳಿಯಾಗಿ ಕಾಪಾಡುವುದು. ಆ ತಳಿಯ ಅಣ್ಣತಂಗಿಯರನ್ನು ಕೂಡಿಸಿ, ಹುಟ್ಟುವ ಮೊಟ್ಟೆಗಳಲ್ಲಿ ಎರಡೂ ಪ್ರತಿ ಕೆಟ್ಟಿರುವ ಕಾಲುಭಾಗ ಸತ್ತರೆ ಪೊರೆ ತೆಗೆದು ನೋಡುವುದು. ಕೆಟ್ಟ ಕ್ರೋಮೋಸೋಮು ಒಳ್ಳೆಯದರ ಜೊತೆ ತುಂಡು ಬದಲಿಸಿಕೊಂಡರೆ ತಳಿ ಕೈಬಿಟ್ಟಂತೆಯೇ. ಅದನ್ನು ತಡೆಯಲು ಬ್ಯಾಲೆನ್ಸರ್ ಎಂಬ, ಅಲ್ಲಲ್ಲಿ ತಿರುಗುಮುರುಗು ಮಾಡಿದ ಕ್ರೋಮೋಸೋಮನ್ನು ಜೋಡಿಯಾಗಿ ಇಡುತ್ತಾರೆ. ಎರಡನೇ ಕ್ರೋಮೋಸೋಮಿನ ಬ್ಯಾಲೆನ್ಸರ್ ಇದ್ದ ನೊಣಕ್ಕೆ ಸುರುಳಿ ರೆಕ್ಕೆ, ಬರಿಗಣ್ಣಿಗೇ ಗೊತ್ತಾಗುತ್ತದೆ. ಇಬ್ಬರೂ ಒಂದೇ ಸ್ಲೈಡನ್ನು ಏಕಕಾಲಕ್ಕೆ ನೋಡಲು ಎರಡು ಜೊತೆ ಕಣ್ಣುಕೊಳವೆಗಳಿದ್ದ ಸೂಕ್ಷ್ಮದರ್ಶಕ ಬಳಸುತ್ತಿದ್ದರು.

1980ರ ಅಕ್ಟೋಬರಿನಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಅವರ ಪ್ರಬಂಧದಲ್ಲಿ 15 ಜೀನುಗಳಿದ್ದವು. ಸುಮಾರು 27,000 ತಳಿ ಜಾಲಾಡಿ ಮುಗಿಸುವಷ್ಟರಲ್ಲಿ ಸಿಕ್ಕವು ಸುಮಾರು 120. ಆ 15ನ್ನು ಅವರು ಮೂರು ಗುಂಪು ಮಾಡಿದರು. ಒಂದರಲ್ಲಿ ಅಕ್ಕಪಕ್ಕದ ಹಲವು ಖಂಡಗಳು ಒಟ್ಟಿಗೇ ಮಾಯ: ಗ್ಯಾಪ್ ಜೀನುಗಳು. ಇನ್ನೊಂದರಲ್ಲಿ ಒಂದು ಬಿಟ್ಟು ಒಂದು ಮಾಯ: ಪೇರ್-ರೂಲ್ ಜೀನುಗಳು. ಮೂರನೆಯದರಲ್ಲಿ ಖಂಡಗಳ ಸಂಖ್ಯೆ ಸರಿಯಿದೆ, ಆದರೆ ಪ್ರತಿ ಖಂಡದಲ್ಲೂ ಅದೇ ಭಾಗ ಕೆಟ್ಟು, ಉಳಿದ ಭಾಗ ಕನ್ನಡಿ ಬಿಂಬದಂತೆ ಮರಳಿ ಬಂದಿದೆ: ಸೆಗ್ಮೆಂಟ್ ಪೊಲಾರಿಟಿ ಜೀನುಗಳು. 1995ರ ನೊಬೆಲ್ ಇವರಿಬ್ಬರ ಜೊತೆ ಎಡ್ವರ್ಡ್ ಲೂಯಿಸ್‌ಗೂ ಬಂತು.

ಹೆಸರುಗಳ ಬಗ್ಗೆ ಒಂದು ಎಚ್ಚರಿಕೆ. ಇಲ್ಲಿ ಹೆಸರಿಟ್ಟಿರುವುದು ಜೀನ್ ಮಾಡುವ ಕೆಲಸಕ್ಕಲ್ಲ, ಅದು ಕೆಟ್ಟಾಗ ಆಗುವ ಅನಾಹುತಕ್ಕೆ. ಲೈನ್‌ಮನ್‌ಗೆ ‘ಕತ್ತಲೆ’ ಎಂದು ಹೆಸರಿಟ್ಟ ಹಾಗೆ, ಏಕೆಂದರೆ ಆತ ಬರದಿದ್ದರೆ ಕತ್ತಲೆ. ‘ವಿಂಗ್‌ಲೆಸ್’ ರೆಕ್ಕೆ ಬೆಳೆಸಲು ಬೇಕಾದ ಜೀನ್. ‘ಫುಶಿ ತರಾಜು’ ಎಂದರೆ ಜಪಾನಿಯಲ್ಲಿ ‘ಖಂಡ ಸಾಲದು’. ‘ಈವನ್-ಸ್ಕಿಪ್ಡ್’ ಇನ್ನೂ ದೊಡ್ಡ ಬಲೆ: ಭಾಗಶಃ ಕೆಟ್ಟಾಗ ಸಮಸಂಖ್ಯೆಯ ಖಂಡಗಳು ಹೋಗುತ್ತವೆ ಎಂದು ಆ ಹೆಸರು. ಪೂರ್ತಿ ಕೆಟ್ಟಾಗ ಹೋಗುವುದು ಬರೀ ಸಮಸಂಖ್ಯೆಯವಲ್ಲ, ಖಂಡವಿಭಜನೆಯೇ. ಹೊಟ್ಟೆಯ ಮೇಲೆ ಮುಳ್ಳಿನ ಒಂದೇ ಹಾಸು. ಹೆಸರು ನೋಡಿ ಅರ್ಥ ಮಾಡಿಕೊಳ್ಳಲು ಹೋದವರು ಪರೀಕ್ಷೆಯಲ್ಲಿ ಎಡವುವುದು ಇಲ್ಲೇ.

ಗೋಡೆಯಿಲ್ಲದ ಮೂರು ಗಂಟೆ

ಮೊಟ್ಟೆಯ ಉದ್ದ ಅರ್ಧ ಮಿಲಿಮೀಟರ್. ಮೊದಲ 13 ಸುತ್ತು ನ್ಯೂಕ್ಲಿಯಸ್ ಮಾತ್ರ ಇಬ್ಭಾಗವಾಗುತ್ತದೆ, ಕೋಶಗಳನ್ನು ಬೇರ್ಪಡಿಸುವ ಪೊರೆ, ಅಂದರೆ ಗೋಡೆ, ಏಳುವುದಿಲ್ಲ. ಮೊದಮೊದಲ ಸುತ್ತುಗಳಿಗೆ ತಲಾ ಎಂಟು ನಿಮಿಷ ಸಾಕು. ಎರಡರಂತೆ 13 ಸಲ ಗುಣಿಸಿದರೆ 8,192 ಆಗಬೇಕು. ಮೇಲ್ಮೈಯಲ್ಲಿ ಎಣಿಸಿದರೆ ಸುಮಾರು 6,000. ಕೆಲವು ಮೊದಲೇ ಹಳದಿಯೊಳಗೆ ಉಳಿದಿರುತ್ತವೆ, ಕೆಲವು ಹಿಂತುದಿಯಲ್ಲಿ ಮುಂದೆ ಅಂಡ-ವೀರ್ಯಗಳಾಗುವ ಧ್ರುವಕೋಶಗಳಾಗಿ ಬೇರೆ ಹೋಗಿರುತ್ತವೆ. 14ನೇ ಸುತ್ತಿನಲ್ಲಿ ವಿಭಜನೆ ತಡೆದು ನಿಂತು, ಸುಮಾರು ಒಂದು ಗಂಟೆಯಲ್ಲಿ ಎಲ್ಲ ನ್ಯೂಕ್ಲಿಯಸ್‌ಗಳ ಸುತ್ತ ಗೋಡೆ ಎದ್ದು, ಮೊಟ್ಟೆ ಇಟ್ಟ ಮೂರು ಗಂಟೆಗೆಲ್ಲ ಭ್ರೂಣ ಮಡಚಿಕೊಳ್ಳತೊಡಗುತ್ತದೆ. ಪೋಡಿ ಕೆಲಸ ಅಷ್ಟರೊಳಗೆ ಮುಗಿಯಬೇಕು.

ಗೋಡೆ ಇಲ್ಲದಿರುವುದೇ ಇಲ್ಲಿ ಅನುಕೂಲ. ಒಂದು ತುದಿಯಲ್ಲಿ ತಯಾರಾದ ಪ್ರೋಟೀನು ಇನ್ನೊಂದು ತುದಿಯವರೆಗೆ ಹರಡಬಹುದು. ತಾಯಿ ನೊಣ ಮೊಟ್ಟೆ ಕಟ್ಟುವಾಗಲೇ ಬೈಕಾಯ್ಡ್ ಜೀನಿನ ಎಂಆರ್‌ಎನ್‌ಎಯನ್ನು (ಪ್ರೋಟೀನು ಮಾಡಲು ಬೇಕಾದ ನಕಲನ್ನು) ಮುಂತುದಿಗೆ ಅಂಟಿಸಿಟ್ಟಿರುತ್ತದೆ. ಅದರಿಂದ ಹುಟ್ಟುವ ಪ್ರೋಟೀನು ಹಿಂದಕ್ಕೆ ಹೋದಂತೆ ತೆಳುವಾಗುತ್ತ, ಪ್ರತಿ 100 ಮೈಕ್ರಾನಿಗೆ ಸುಮಾರು ಮೂರನೇ ಒಂದರಷ್ಟಕ್ಕೆ ಇಳಿಯುತ್ತದೆ. ಪಕ್ಕಪಕ್ಕದ ಎರಡು ನ್ಯೂಕ್ಲಿಯಸ್‌ಗಳಿಗೆ ಸಿಗುವ ಪ್ರಮಾಣದಲ್ಲಿ ವ್ಯತ್ಯಾಸ ಶೇಕಡ 10ರ ಆಸುಪಾಸು. ಅಷ್ಟರಲ್ಲೇ ತಾನೆಲ್ಲಿದ್ದೇನೆ ಎಂದು ತಿಳಿಯಬೇಕು.

ತಾಯಿಯಲ್ಲಿ ಬೈಕಾಯ್ಡ್ ಪೂರ್ತಿ ಕೆಟ್ಟರೆ ಮರಿಗೆ ತಲೆಯೂ ಇಲ್ಲ, ಎದೆಯೂ ಇಲ್ಲ. ಮುಂತುದಿಯಲ್ಲೂ ಬಾಲದ ಕೊನೆ. ಎರಡರ ಬದಲು ನಾಲ್ಕು ಪ್ರತಿ ಇರುವ ತಾಯಿಯ ಭ್ರೂಣದಲ್ಲಿ ತಲೆಯ ಹಿಂದಿನ ಮಡಿಕೆ ಹಿಂದಕ್ಕೆ ಸರಿಯುತ್ತದೆ, ಒಂದೇ ಪ್ರತಿಯಿದ್ದರೆ ಮುಂದಕ್ಕೆ. 1988ರಲ್ಲಿ ಡ್ರೀವರ್ ಮತ್ತು ನ್ಯೂಸ್ಲೈನ್-ಫೋಲ್ಹಾರ್ಡ್ ತೋರಿಸಿದ ಈ ಸರಿತವೇ ಪ್ರಮಾಣ ನೋಡಿ ಜಾಗ ತಿಳಿಯುತ್ತದೆ ಎಂಬುದಕ್ಕೆ ಗಟ್ಟಿ ಸಾಕ್ಷಿ. ಗಮನಿಸಿ: ಇಲ್ಲಿ ಎಣಿಸುವುದು ತಾಯಿಯ ಜೀನು, ಮರಿಯದ್ದಲ್ಲ. ಹೈಡೆಲ್‌ಬರ್ಗಿನ ಮೊದಲ ಜರಡಿಯಲ್ಲಿ ಬೈಕಾಯ್ಡ್ ಸಿಗದೇ ಹೋದದ್ದು ಇದಕ್ಕೇ. ಅದಕ್ಕೆ ತಾಯಂದಿರನ್ನೇ ಜರಡಿ ಹಿಡಿಯಬೇಕಾಯಿತು. ಹಿಂತುದಿಗೆ ನಾನೋಸ್, ಎರಡೂ ಕೊನೆಗಳಿಗೆ ಟಾರ್ಸೋ ಇವೆ; ಅವುಗಳನ್ನು ಹೆಸರಿಸಿ ಮುಂದೆ ಹೋಗುತ್ತೇವೆ.

ಬೈಕಾಯ್ಡ್ ಓದಿ ಎದ್ದು ನಿಲ್ಲುವವು ಗ್ಯಾಪ್ ಜೀನುಗಳು. ಮುಂದರ್ಧದಲ್ಲಿ ಹಂಚ್‌ಬ್ಯಾಕ್, ನಡುವೆ ಕ್ರುಪೆಲ್, ಅದರ ಹಿಂದೆ ಕ್ನಿರ್ಪ್ಸ್, ಮುಂದೊಂದು ಹಿಂದೊಂದು ಜಾಗದಲ್ಲಿ ಜೈಂಟ್. ಕ್ರುಪೆಲ್ ಹೋದರೆ ಎದೆಯ ಮೂರೂ ಖಂಡಗಳು, ಹೊಟ್ಟೆಯ ಮೊದಲ ಐದೂ ಹೋಗುತ್ತವೆ. ಪಠ್ಯಪುಸ್ತಕದಲ್ಲಿ ಇದನ್ನು ಮೇಲಧಿಕಾರಿ-ಕೆಳಗಿನವರ ಏಣಿಯಂತೆ ಬರೆದಿರುತ್ತಾರೆ. ನಮ್ಮ ಮಟ್ಟಿಗೆ ಅದು ಅರ್ಧ ಸತ್ಯ. ಗಡಿ ಚೂಪಾಗುವುದು ಮೇಲಿನ ಆದೇಶದಿಂದಲ್ಲ, ಇವು ಒಂದನ್ನೊಂದು ತಡೆಯುವುದರಿಂದ. ಬದು ಗಟ್ಟಿಯಾಗುವುದು ಎರಡೂ ಹೊಲದವರು ಜಗಳಕ್ಕೆ ನಿಂತಾಗಲೇ.

ಎರಡನೇ ಪಟ್ಟೆ

ಈಗ ಮುಖ್ಯ ವಿಷಯ. ಪೇರ್-ರೂಲ್ ಗುಂಪಿನ ಈವನ್-ಸ್ಕಿಪ್ಡ್ ಜೀನ್ ಏಳು ಪಟ್ಟೆಗಳಲ್ಲಿ ಕೆಲಸ ಮಾಡುತ್ತದೆ. ಬಣ್ಣ ಕಟ್ಟಿ ನೋಡಿದರೆ ಏಳೂ ಅಚ್ಚೊತ್ತಿದಂತೆ ಒಂದೇ ಥರ. ಅಲೆಯಂತೆ ಮರಳಿ ಮರಳಿ ಬರುವ ಯಾವುದೋ ಒಂದೇ ಸೂತ್ರ ಇದನ್ನು ಬರೆದಿರಬೇಕು ಎಂದು ಯಾರಿಗಾದರೂ ಅನ್ನಿಸುತ್ತದೆ. ಗಣಿತ ಬಲ್ಲವರು ಅಂಥ ಸೂತ್ರಗಳನ್ನು ಬರೆದೂ ತೋರಿಸಿದ್ದರು. ಜೀನಿನ ಸುತ್ತಲ ಡಿಎನ್‌ಎ ಬಿಡಿಸಿ ನೋಡಿದಾಗ ಸಿಕ್ಕಿದ್ದು ಬೇರೆ. ಒಂದನೇ ಪಟ್ಟೆಗೊಂದು ಸ್ವಿಚ್ಚು (ಜೀನನ್ನು ಹಚ್ಚಿ ಆರಿಸುವ ಡಿಎನ್‌ಎ ತುಂಡು), ಎರಡಕ್ಕೊಂದು, ಐದಕ್ಕೊಂದು, ಮೂರು-ಏಳಕ್ಕೆ ಸೇರಿ ಒಂದು, ನಾಲ್ಕು-ಆರಕ್ಕೆ ಸೇರಿ ಒಂದು. ಏಳು ಪಟ್ಟೆಗೆ ಐದು ಸ್ವಿಚ್ಚು. ಹೊರಗೆ ಕಾಣುವ ಆವರ್ತನ ಒಳಗಿನ ಬರಹದಲ್ಲಿ ಇಲ್ಲವೇ ಇಲ್ಲ.

ಎರಡನೇ ಪಟ್ಟೆಯ ಸ್ವಿಚ್ಚು ಜೀನಿನ ಆರಂಭಕ್ಕಿಂತ ಸಾವಿರಕ್ಕೂ ಹೆಚ್ಚು ಅಕ್ಷರ ಹಿಂದಿದೆ. ಸ್ವಿಚ್ಚಿನದೇ ಉದ್ದ ಸುಮಾರು 480 ಅಕ್ಷರ. ಮೈಕಲ್ ಲೆವೀನ್ ತಂಡ 1990ರ ದಶಕದ ಆರಂಭದಲ್ಲಿ ಬಿಡಿಸಿದ ನಕ್ಷೆಯಲ್ಲಿ ಅದರ ಮೇಲೆ ಪ್ರೋಟೀನು ಕೂರುವ 12 ತಾಣಗಳಿದ್ದವು: ಬೈಕಾಯ್ಡ್‌ಗೆ ಐದು, ಹಂಚ್‌ಬ್ಯಾಕ್‌ಗೆ ಒಂದು, ಜೈಂಟ್‌ಗೆ ಮೂರು, ಕ್ರುಪೆಲ್‌ಗೆ ಮೂರು. ಮೊದಲೆರಡು ಹಚ್ಚುವವು, ಕೊನೆಯೆರಡು ಆರಿಸುವವು. ಬೈಕಾಯ್ಡ್ ಮತ್ತು ಹಂಚ್‌ಬ್ಯಾಕ್ ಮುಂದರ್ಧದ ತುಂಬ ಇವೆ, ಅಲ್ಲೆಲ್ಲ ದೀಪ ಹತ್ತಬೇಕಿತ್ತು. ಮುಂದಿನಿಂದ ಜೈಂಟ್ ಆರಿಸುತ್ತದೆ, ಹಿಂದಿನಿಂದ ಕ್ರುಪೆಲ್ ಆರಿಸುತ್ತದೆ. ಎರಡೂ ವಿರಳವಾಗಿರುವ ಕಿರಿದಾದ ಸಂದಿಯಲ್ಲಿ ಮಾತ್ರ ದೀಪ ಉಳಿಯುತ್ತದೆ. ಅದೇ ಎರಡನೇ ಪಟ್ಟೆ.

ಇದನ್ನು ಪರೀಕ್ಷಿಸುವುದು ಹೀಗೆ. ಆ 480 ಅಕ್ಷರಗಳನ್ನು ಮಾತ್ರ ಕತ್ತರಿಸಿ, ನೀಲಿ ಬಣ್ಣ ಕೊಡುವ ಬ್ಯಾಕ್ಟೀರಿಯಾದ ಲ್ಯಾಕ್-ಜೆಡ್ ಜೀನಿನ ಮುಂದೆ ಅಂಟಿಸಿ, ಧ್ರುವಕೋಶಗಳು ಗೋಡೆ ಕಟ್ಟುವ ಮೊದಲೇ ಭ್ರೂಣದ ಹಿಂತುದಿಗೆ ಗಾಜಿನ ಸೂಜಿಯಿಂದ ಚುಚ್ಚಬೇಕು. ಮೊಟ್ಟೆ ಇಟ್ಟು ಒಂದು ಗಂಟೆಯೊಳಗೆ ಆಗಬೇಕಾದ ಕೆಲಸ. ತಡವಾದರೆ ಡಿಎನ್‌ಎ ಧ್ರುವಕೋಶದ ಒಳಹೊಕ್ಕುವುದಿಲ್ಲ, ಮುಂದಿನ ಪೀಳಿಗೆಗೆ ಹೋಗುವುದೂ ಇಲ್ಲ. ಬಿಳಿಗಣ್ಣಿನ ನೊಣಕ್ಕೆ ಕಣ್ಣು ಕೆಂಪಾಗಿಸುವ ಜೀನನ್ನೂ ಜೊತೆಗೆ ಕಟ್ಟಿದರೆ ಮುಂದಿನ ಪೀಳಿಗೆಯಲ್ಲಿ ಬಣ್ಣದ ಕಣ್ಣು ನೋಡಿ ಆರಿಸಬಹುದು. ಹೊಸ ತುಂಡು ಕ್ರೋಮೋಸೋಮಿನಲ್ಲಿ ಎಲ್ಲಿ ಕೂತಿತು ಎನ್ನುವುದೂ ಬಣ್ಣದ ಗಾಢತೆ ಬದಲಿಸುತ್ತದೆ, ಹಾಗಾಗಿ ಒಂದೇ ತಳಿ ನೋಡಿ ತೀರ್ಮಾನ ಮಾಡಬಾರದು. ಫಲಿತಾಂಶ: ಒಂದೇ ಒಂದು ಪಟ್ಟೆ, ಎರಡನೆಯದರ ಜಾಗದಲ್ಲೇ. ಜೈಂಟ್ ತಾಣಗಳನ್ನು ಕೆಡಿಸಿದರೆ ಅದು ಮುಂದಕ್ಕೆ ಅಗಲವಾಗುತ್ತದೆ. ಆದರೆ ತುದಿ ಮುಟ್ಟುವುದಿಲ್ಲ. ಅಲ್ಲಿ ಸ್ಲಾಪಿ-ಪೇರ್ಡ್‌ನಂಥ ಬೇರೆ ತಡೆಗಳೂ ಇವೆ. ಬೈಕಾಯ್ಡ್ ತಾಣ ಕೆಡಿಸಿದರೆ ಪಟ್ಟೆ ಮಂಕು.

ಸ್ವಿಚ್ಚುಗಳ ನಡುವಿನ ಖಾಲಿ ಜಾಗ ವ್ಯರ್ಥವಲ್ಲ. ಕ್ರುಪೆಲ್‌ನಂಥ ತಡೆಗಾರರ ಕೈ ಉದ್ದವಿಲ್ಲ. ನೂರು ಅಕ್ಷರದ ಆಚೆಗೆ ಅವುಗಳ ಪ್ರಭಾವ ಇಳಿದುಹೋಗುತ್ತದೆ. ಎರಡನೇ ಪಟ್ಟೆಯ ಸ್ವಿಚ್ಚನ್ನೂ ಮೂರು-ಏಳರದನ್ನೂ ಒತ್ತೊತ್ತಾಗಿ ಅಂಟಿಸಿದರೆ ಒಂದರ ತಡೆ ಇನ್ನೊಂದರ ಮೇಲೂ ಬಿದ್ದು ಪಟ್ಟೆಗಳು ಕೆಡುತ್ತವೆ. ನಡುವೆ ಅಂತರ ಕೊಟ್ಟರೆ ಎರಡೂ ತಮ್ಮ ಪಾಡಿಗೆ ತಾವು.

ಜೋಡಿ ಪಟ್ಟೆಗಳ ಸ್ವಿಚ್ಚು ಇನ್ನೂ ಚೆಂದ. ಮೂರು-ಏಳನ್ನು ತಡೆಯುವವು ಹಂಚ್‌ಬ್ಯಾಕ್ ಮತ್ತು ಕ್ನಿರ್ಪ್ಸ್. ನಾಲ್ಕು-ಆರನ್ನು ತಡೆಯುವವೂ ಅವೇ. ಬೇರೆಯಾಗಿರುವುದು ಸೂಕ್ಷ್ಮತೆ ಮಾತ್ರ. ನಾಲ್ಕು-ಆರರ ಸ್ವಿಚ್ಚು ಕ್ನಿರ್ಪ್ಸನ್ನು ಹೆಚ್ಚು ತಾಳಿಕೊಳ್ಳುತ್ತದೆ, ಹಂಚ್‌ಬ್ಯಾಕನ್ನು ಕಡಿಮೆ. ಹಾಗಾಗಿ ಆ ಪಟ್ಟೆಗಳು ಕ್ನಿರ್ಪ್ಸ್ ಇರುವ ಜಾಗಕ್ಕೆ ಇನ್ನಷ್ಟು ಒತ್ತಿಕೊಂಡು, ಮೂರು ಮತ್ತು ಏಳರ ಒಳಮಗ್ಗುಲಲ್ಲಿ ಬರುತ್ತವೆ.

ಗಡಿಯಾರದ ಒತ್ತಡ

ಕ್ನಿರ್ಪ್ಸ್‌ಗೆ ಒಂದು ಅವಳಿ ಜೀನಿದೆ, ಕ್ನಿರ್ಪ್ಸ್-ರಿಲೇಟೆಡ್. ಕಾಣಿಸಿಕೊಳ್ಳುವ ಜಾಗ ಒಂದೇ, ಪ್ರೋಟೀನಿನ ಮುಖ್ಯ ಭಾಗವೂ ಹೆಚ್ಚುಕಡಿಮೆ ಒಂದೇ. ಆದರೂ ಕ್ನಿರ್ಪ್ಸ್ ಕೆಟ್ಟರೆ ಅವಳಿ ಅದರ ಕೆಲಸ ವಹಿಸಿಕೊಳ್ಳುವುದಿಲ್ಲ. ಹೊಟ್ಟೆಯ ಒಂದರಿಂದ ಏಳನೇ ಖಂಡದವರೆಗೆ ಹೋಗುತ್ತದೆ. ಕಾರಣ ಪ್ರೋಟೀನಿನಲ್ಲಿಲ್ಲ, ಉದ್ದದಲ್ಲಿದೆ. ಕ್ನಿರ್ಪ್ಸ್ ಸುಮಾರು 3,000 ಅಕ್ಷರದ ಪುಟ್ಟ ಜೀನು. ಅವಳಿಯ ಮಧ್ಯೆ 19,000 ಅಕ್ಷರದ ಇಂಟ್ರಾನ್ ಇದೆ, ಓದಿ ಆಮೇಲೆ ಕತ್ತರಿಸಿ ಎಸೆಯುವ ಭಾಗ. ಒಂದು ನಿಮಿಷಕ್ಕೆ ಸಾವಿರ ಚಿಲ್ಲರೆ ಅಕ್ಷರ ಓದುವ ಯಂತ್ರ ಆ ಉದ್ದ ಮುಗಿಸುವ ಮೊದಲೇ ನ್ಯೂಕ್ಲಿಯಸ್ ಇಬ್ಭಾಗಕ್ಕೆ ಸಿದ್ಧವಾಗುತ್ತದೆ, ಅರ್ಧಕ್ಕೆ ಓದಿದ್ದು ದಂಡ. ಇಂಟ್ರಾನ್ ತೆಗೆದ ಅವಳಿಯನ್ನು ಭ್ರೂಣಕ್ಕೆ ಸೇರಿಸಿದಾಗ ಅದು ಕ್ನಿರ್ಪ್ಸ್‌ನ ಕೆಲಸ ಮಾಡಿತು. 1992ರಲ್ಲಿ ಪ್ರಕಟವಾದ ಈ ಪ್ರಯೋಗಕ್ಕೆ ಸಿಗಬೇಕಾದಷ್ಟು ಹೆಸರು ಸಿಕ್ಕಿಲ್ಲ ಎಂಬುದು ನಮ್ಮ ಅಭಿಪ್ರಾಯ.

ದೆಹಲಿಯ ರೆಕ್ಕೆಯಿಲ್ಲದ ನೊಣ

ಈವನ್-ಸ್ಕಿಪ್ಡ್‌ನ ಏಳು, ನಡುನಡುವೆ ಫುಶಿ ತರಾಜುವಿನ ಏಳು. ಇವುಗಳ ಮುಂಗಡಿಯ ಕೋಶಸಾಲುಗಳಲ್ಲಿ ಎನ್‌ಗ್ರೇಲ್ಡ್ ಜೀನ್ 14 ಪಟ್ಟೆಗಳಲ್ಲಿ ಹೊತ್ತಿಕೊಳ್ಳುತ್ತದೆ, ಮೊದಲಿಗೆ ಒಂದೊಂದೇ ಕೋಶದಗಲ. ಅದಕ್ಕೆ ಹೊಂದಿಕೊಂಡ, ತಲೆಯ ಕಡೆಯ ಸಾಲಿನಲ್ಲಿ ವಿಂಗ್‌ಲೆಸ್. ಅಷ್ಟರಲ್ಲಿ ಗೋಡೆಗಳು ಎದ್ದಿವೆ, ಪೇರ್-ರೂಲ್ ಪ್ರೋಟೀನುಗಳು ಅಳಿಸಿಹೋಗುತ್ತಿವೆ. ಎಳೆದ ಗೆರೆ ಉಳಿಯಬೇಕಾದರೆ ನೆರೆಹೊರೆಯವರೇ ಕಾಯಬೇಕು. ಎನ್‌ಗ್ರೇಲ್ಡ್ ಕೋಶ ಹೆಡ್ಜ್‌ಹಾಗ್ ಪ್ರೋಟೀನನ್ನು ಪಕ್ಕಕ್ಕೆ ಕಳಿಸುತ್ತದೆ, ಅದು ಸಿಕ್ಕ ಕೋಶ ವಿಂಗ್‌ಲೆಸ್ ಮಾಡಿ ವಾಪಸು ಕಳಿಸುತ್ತದೆ, ಅದರಿಂದ ಎನ್‌ಗ್ರೇಲ್ಡ್ ಉಳಿಯುತ್ತದೆ. ಒಂದು ಕೈ ಬಿಟ್ಟರೂ ಎರಡೂ ಆರುತ್ತವೆ. ನುಣುಪು ಚರ್ಮಕ್ಕೆ ವಿಂಗ್‌ಲೆಸ್ ಸಂದೇಶ ಬೇಕು. ಅದಿಲ್ಲದ ಭ್ರೂಣದ ಹೊಟ್ಟೆಯೆಲ್ಲ ಮುಳ್ಳು.

ಈ ವಿಂಗ್‌ಲೆಸ್ ಜೀನನ್ನು ಮೊದಲು ಗುರುತಿಸಿದ್ದು ಭ್ರೂಣದಲ್ಲಲ್ಲ, ಜರ್ಮನಿಯಲ್ಲೂ ಅಲ್ಲ. 1973ರಲ್ಲಿ ಹೊಸದಿಲ್ಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ಆರ್.ಪಿ. ಶರ್ಮಾ ರೆಕ್ಕೆಯಿಲ್ಲದ ನೊಣಗಳ ತಳಿಯೊಂದನ್ನು ವರದಿ ಮಾಡಿದರು. 1976ರಲ್ಲಿ ವಿ.ಎಲ್. ಚೋಪ್ರಾ ಜೊತೆ ವಿವರವಾಗಿ ಬರೆದರು. ಅದು ಜೀನನ್ನು ಅರೆಬರೆ ಕೆಡಿಸುವ ಮ್ಯುಟೇಶನ್, ಆದ್ದರಿಂದ ನೊಣ ಬದುಕುತ್ತಿತ್ತು. ಅದೇ ಜೀನ್ ಪೂರ್ತಿ ಕೆಟ್ಟಾಗ ಭ್ರೂಣ ಸಾಯುತ್ತದೆ ಎಂದು ಗೊತ್ತಾದದ್ದು ಆಮೇಲೆ. ಇಲಿಯ ಸ್ತನದ ಗಂತಿಗಳಲ್ಲಿ ಸಿಕ್ಕಿದ್ದ ಇಂಟ್-1 ಜೀನೂ ಇದೂ ಒಂದೇ ಕುಲದವು ಎಂದು 1987ರಲ್ಲಿ ತಿಳಿಯಿತು, ಆಮೇಲೆ ಎರಡೂ ಹೆಸರು ಬೆಸೆದು ‘ವಿಂಟ್’ ಎಂದರು. ಕರುಳಿನ ಕ್ಯಾನ್ಸರಿನ ಬಗ್ಗೆ ಓದುವವರು ಇವತ್ತು ದಿನವೂ ಬಳಸುವ ಪದ ಅದು.

ಯಾವ ಖಂಡದಲ್ಲಿ ಕಾಲು, ಯಾವುದರಲ್ಲಿ ರೆಕ್ಕೆ ಎಂಬುದು ಬೇರೆ ಖಾತೆ. ಅದು ಲೂಯಿಸ್ ಅಧ್ಯಯನ ಮಾಡಿದ ಹಾಕ್ಸ್ ಜೀನುಗಳದ್ದು, ಇನ್ನೊಂದು ದಿನದ ಮಾತು.

ಹಿಟ್ಟಿನ ಡಬ್ಬಿಯ ಹುಳ

ಕೊನೆಗೆ, ಪ್ರತಿ ಸಲ ಯಾರಾದರೂ ಕೇಳುವ ಪ್ರಶ್ನೆ: ಎಲ್ಲ ಕೀಟಗಳೂ ಹೀಗೇ ಮಾಡುತ್ತವೆಯೇ? ಇಲ್ಲ. ನೊಣಕ್ಕೆ ಹಾಕುವ ರವೆಯ ಡಬ್ಬಿಯನ್ನು ಮಳೆಗಾಲದಲ್ಲಿ ಸರಿಯಾಗಿ ಮುಚ್ಚದಿದ್ದರೆ ಅದರಲ್ಲೇ ಸಿಗುವ ಕೆಂಪು ಹಿಟ್ಟಿನ ಹುಳ, ಟ್ರೈಬೋಲಿಯಂ, ಬೇರೆ ದಾರಿ ಹಿಡಿದಿದೆ. ಅದರಲ್ಲಿ ಬೈಕಾಯ್ಡ್ ಜೀನೇ ಇಲ್ಲ. ಬೈಕಾಯ್ಡ್ ನೊಣಗಳ ಒಂದು ಕವಲಿನಲ್ಲಿ ಮಾತ್ರ ಹುಟ್ಟಿಕೊಂಡದ್ದು. ಹಿಟ್ಟಿನ ಹುಳದ ಭ್ರೂಣ ಮೊದಲು ತಲೆ, ಎದೆಗಳನ್ನಷ್ಟೇ ಗುರುತು ಹಾಕಿಕೊಂಡು, ಹೊಟ್ಟೆಯ ಖಂಡಗಳನ್ನು ಬಾಲದ ಕಡೆಯಿಂದ ಒಂದಾದ ಮೇಲೊಂದು ಕೂಡಿಸುತ್ತದೆ, ಕಬ್ಬಿನ ಹಾಗೆ. ಅಲ್ಲಿ ಈವನ್-ಸ್ಕಿಪ್ಡ್, ಆಡ್-ಸ್ಕಿಪ್ಡ್ ಜೀನುಗಳು ನಿಂತ ಪಟ್ಟೆಗಳಲ್ಲ. ಬೆಳೆಯುವ ತುದಿಯಲ್ಲಿ ಹತ್ತಿ ಆರಿ ಹತ್ತುವ ಗಡಿಯಾರ. 30 ಡಿಗ್ರಿಯಲ್ಲಿ ಒಂದು ಸುತ್ತಿಗೆ ಸುಮಾರು ಒಂದೂವರೆ ಗಂಟೆ, ಒಂದು ಸುತ್ತಿಗೆ ಎರಡು ಖಂಡ. ತಾಯಿ ಹುಳದ ಹೊಟ್ಟೆಗೆ ಈವನ್-ಸ್ಕಿಪ್ಡ್ ಜೀನನ್ನು ಸುಮ್ಮನಾಗಿಸುವ ಜೋಡಿ-ಎಳೆ ಆರ್‌ಎನ್‌ಎ ಚುಚ್ಚಿದರೆ, ಅದು ಇಡುವ ಮೊಟ್ಟೆಗಳ ಭ್ರೂಣಗಳಲ್ಲಿ ತಲೆಯ ಮುಂಭಾಗ ಬಿಟ್ಟು ಹಿಂದಿನದಕ್ಕೆಲ್ಲ ಗೆಣ್ಣೇ ಬೀಳುವುದಿಲ್ಲ. ಜೀನುಗಳು ಅವೇ. ಐದು ಸ್ವಿಚ್ಚುಗಳ ಲೆಕ್ಕ ಮಾತ್ರ ಆ ಡಬ್ಬಿಯ ಹುಳಕ್ಕೆ ಹೊಂದುವುದಿಲ್ಲ.